ಶಾನುಭೋಗರಿಲ್ಲದ ಸ್ಕ್ಯಾನರ್: ಡ್ರೈವರುಗಳ ಒಂದಿಷ್ಟು ಕಥೆ

ಮೊನ್ನೆ ಊರಿಗೆ ಹೋದಾಗ ಅಟ್ಟ ಕ್ಲೀನ್ ಮಾಡೋ ಕಾರ್ಯಕ್ರಮ ಹಾಕಿಕೊಂಡಿದ್ದೆ. ಒಡೆದ ಲಾಟೀನು, ತೂತಾದ ಹಂಡೆ, ಯಾರದೋ ಮದುವೆಯ ಕರೆಯೋಲೆಯ ಕಟ್ಟು... ಇವುಗಳ ನಡುವೆ ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ನನ್ನ ಸ್ಕ್ಯಾನರ್ ಸಿಕ್ಕಿತು. 2004ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ಕೊಂಡು, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಊರಿಗೆ ತಂದಿದ್ದು. ಅಮ್ಮನ ಹಾಡಿನ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಡಬೇಕು ಅನ್ನೋದು ಆಗಿನ ಆಸೆ. ಒಟ್ಟು ಮೂರು ಪುಸ್ತಕ. ಹಸೆಗೆ ಕರೆಯೋ ಹಾಡು, ಆರತಿ ಹಾಡು, ಬೀಗರ ಹಾಡು, ಎಲ್ಲ ಪೆನ್ಸಿಲ್ಲಿನಲ್ಲಿ ಬರೆದಿದ್ದು. ಒಂದು ಪುಸ್ತಕ ಮುಗಿಸಿದ್ದೆ. ಮಿಕ್ಕಿದ್ದು "ಮುಂದಿನ ಸಲ ಬಂದಾಗ" ಅಂತ ಇಟ್ಟಿದ್ದೆ. ಮುಂದಿನ ಸಲ ಬರೋ ಹೊತ್ತಿಗೆ ನನ್ನ ಕಂಪ್ಯೂಟರ್ ಬದಲಾಗಿತ್ತು. ಹೊಸ ಕಂಪ್ಯೂಟರಿಗೆ ಈ ಸ್ಕ್ಯಾನರಿನ ಪರಿಚಯವೇ ಇರಲಿಲ್ಲ.

ಪಂಚೆ ಬಿಚ್ಚಿ, ಧೂಳು ಒರೆಸಿ, ನನ್ನ ಈಗಿನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ದೀಪ ಹತ್ತಿತು! ಆದರೆ ಲ್ಯಾಪ್‌ಟಾಪು ಮಾತ್ರ "ಇದ್ಯಾರೋ ಗೊತ್ತಿಲ್ಲ" ಅಂತ ಹಳದಿ ಆಶ್ಚರ್ಯಸೂಚಕ ಚಿಹ್ನೆ ತೋರಿಸಿ ಸುಮ್ಮನಾಯಿತು. ತಯಾರಿಸಿದ ಕಂಪನಿಯ ಪುಟಕ್ಕೆ ಹೋಗಿ ನೋಡಿದರೆ ಕೊನೆಯ ಡ್ರೈವರ್ ವಿಂಡೋಸ್ ಎಕ್ಸ್‌ಪಿಯದ್ದು.

ಅಕ್ಕನ ಮಗ ಅಲ್ಲೇ ನಿಂತಿದ್ದ. "ಮಾವ, ಅದು ಸತ್ತುಹೋಗಿದೆ. ಗುಜರಿಗೆ ಹಾಕು, ಮೊಬೈಲಲ್ಲಿ ಫೋಟೋ ಹೊಡಿ" ಅಂದ.

ಹೊಡೆದೂ ನೋಡಿದೆ. ಇಪ್ಪತ್ತು ವರ್ಷದಲ್ಲಿ ಪೆನ್ಸಿಲ್ ಗೀಟು ಇನ್ನಷ್ಟು ಮಾಸಿದೆ, ಪುಟ ಉಬ್ಬಿಕೊಂಡಿದೆ, ನನ್ನದೇ ಕೈಯ ನೆರಳು ಬೀಳುತ್ತೆ. ಗಾಜಿನ ಮೇಲೆ ಒತ್ತಿಟ್ಟು ಸ್ಕ್ಯಾನ್ ಮಾಡಿದ ಹಾಗೆ ಅದು ಬರೋದಿಲ್ಲ. ಅಷ್ಟಕ್ಕೂ ಯಂತ್ರ ಸತ್ತಿಲ್ಲವಲ್ಲ! ಗಾಜು ಸರಿ ಇದೆ, ದೀಪ ಸರಿ ಇದೆ, ಮೋಟಾರು ಸರಿ ಇದೆ. ಸತ್ತಿರೋದು ಅದರ ಪರವಾಗಿ ಮಾತಾಡುತ್ತಿದ್ದ ಒಂದು ಸಣ್ಣ ತಂತ್ರಾಂಶ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಈ ಡ್ರೈವರುಗಳ ಪುರಾಣವನ್ನ ಒಂದು ಸಲ ಪೂರ್ತಿ ಹೇಳಿಬಿಡೋಣ ಅನ್ನಿಸಿತು.

ಡ್ರೈವರ್ ಅಂದ್ರೆ ಶಾನುಭೋಗ

ಹಿಂದೆ ಹಳ್ಳಿಗಳಲ್ಲಿ ಶಾನುಭೋಗರು ಇರುತ್ತಿದ್ದರು. ಸರ್ಕಾರದ ಭಾಷೆ ರೈತನಿಗೆ ತಿಳಿಯದು, ರೈತನ ಹೊಲದ ಸಂಗತಿ ಸರ್ಕಾರಕ್ಕೆ ತಿಳಿಯದು. ಇಬ್ಬರ ನಡುವೆ ಲೆಕ್ಕದ ಪುಸ್ತಕ ಹಿಡಿದು ಕೂತವರು ಇವರು. ಡ್ರೈವರ್ ಕೂಡ ಹಾಗೇ. "ಈ ಪುಟ ಸ್ಕ್ಯಾನ್ ಮಾಡು" ಅಂತ ಆಪರೇಟಿಂಗ್ ಸಿಸ್ಟಂ ಹೇಳುತ್ತೆ. ಯಂತ್ರಕ್ಕೆ ಆ ಮಾತು ಅರ್ಥವಾಗಲ್ಲ. ಇಷ್ಟು ಹೆಜ್ಜೆ ಮೋಟಾರು ತಿರುಗಿಸು, ದೀಪ ಹಚ್ಚು, ಈ ವಿಳಾಸದಲ್ಲಿ ಬಂದ ಅಂಕಿಗಳನ್ನು ಓದು ಅಂತ ಬಿಡಿಸಿ ಹೇಳಬೇಕು. ಆ ಬಿಡಿಸಿ ಹೇಳೋ ಕೆಲಸ ಡ್ರೈವರಿನದ್ದು. ಶಾನುಭೋಗರು ಲೆಕ್ಕದ ಪುಸ್ತಕ ತಗೊಂಡು ಊರು ಬಿಟ್ಟರೆ ಹೊಲ ಎಲ್ಲಿಗೂ ಹೋಗಲ್ಲ, ಆದರೆ ಯಾರದ್ದು ಎಷ್ಟು ಅಂತ ಹೇಳೋರು ಇರಲ್ಲ. ನನ್ನ ಸ್ಕ್ಯಾನರಿಗೆ ಆಗಿದ್ದು ಅದೇ.

ಒಂದು ಪ್ರಿಂಟರಿನ ಜಗಳ

ಮನೆಗೆ ಕಂಪ್ಯೂಟರ್ ಬರೋದಕ್ಕೂ ಮುಂಚಿನ ಒಂದು ಕಥೆಯಿಂದಲೇ ಶುರು ಮಾಡಬೇಕು. 1980ರ ಆಸುಪಾಸು, ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯ. ಅಲ್ಲೊಂದು ಪ್ರಿಂಟರ್ ಇತ್ತು, ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಪ್ರಿಂಟರ್ ಒಂದು ಮಹಡಿಯಲ್ಲಿ, ಜನ ಇನ್ನೊಂದು ಮಹಡಿಯಲ್ಲಿ. ರಿಚರ್ಡ್ ಸ್ಟಾಲ್‌ಮನ್ ಅನ್ನೋ ಪ್ರೋಗ್ರಾಮರ್ ಹಳೆಯ ಪ್ರಿಂಟರಿನ ತಂತ್ರಾಂಶ ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರ ಪರದೆಗೆ ಸುದ್ದಿ ಬರೋ ಹಾಗೆ ಮಾಡಿದ್ದರು. ಆಮೇಲೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಕೊಡುಗೆಯಾಗಿ ಬಂತು. ಅದರ ತಂತ್ರಾಂಶದ ಮೂಲ ಸಂಕೇತ ಮಾತ್ರ ಬರಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅದು ಇದೆ ಅಂತ ತಿಳಿದು ಹೋಗಿ ಕೇಳಿದರೆ, "ಕೊಡೋದಿಲ್ಲ ಅಂತ ಮಾತು ಕೊಟ್ಟಿದ್ದೇನೆ" ಅನ್ನೋ ಉತ್ತರ ಸಿಕ್ಕಿತು.

ಕೇಳಿದ್ದು ಕಾಗದ ಸಿಕ್ಕಿಕೊಂಡಿದ್ದು ತಿಳಿಸೋ ಒಂದು ಸಣ್ಣ ಸೌಕರ್ಯ ಅಷ್ಟೆ. ಆದರೆ ಆ ನಿರಾಕರಣೆ ಸ್ಟಾಲ್‌ಮನ್‌ಗೆ ಮರೆಯಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಗ್ನು ಯೋಜನೆ ಘೋಷಿಸಿದರು. ಮುಕ್ತ ತಂತ್ರಾಂಶ ಚಳವಳಿಯ ಬೇರು ಹುಡುಕುತ್ತಾ ಹೋದರೆ ಈ ಪ್ರಿಂಟರ್ ಸಿಗುತ್ತೆ. ಯಂತ್ರ ನಮ್ಮ ಮನೆಯಲ್ಲಿದ್ದರೆ ಸಾಕೇ, ಅದರ ಜೊತೆ ಮಾತಾಡೋ ವಿದ್ಯೆ ಯಾರ ಕೈಯಲ್ಲಿರಬೇಕು? ಈ ಪ್ರಶ್ನೆ ಅವತ್ತಿಂದ ಇವತ್ತಿನ ತನಕ ಬಗೆಹರಿದಿಲ್ಲ.

ಡಾಸ್ ಕಾಲ: ಹರಳು, ಜಂಪರು, ತಲೆನೋವು

ಐಬಿಎಂ ಪಿಸಿ ಬಂದಿದ್ದು 1981ರ ಆಗಸ್ಟಿನಲ್ಲಿ. 1983ರಲ್ಲಿ ಬಂದ ಡಾಸ್ 2.0 ಹೊರಗಿನ ಡ್ರೈವರುಗಳಿಗೆ ಬಾಗಿಲು ತೆರೆಯಿತು. ಕಾನ್ಫಿಗ್ ಡಾಟ್ ಸಿಸ್ ಅನ್ನೋ ಕಡತದಲ್ಲಿ ಒಂದೊಂದು ಸಾಲು ಬರೆದರೆ, ಕಂಪ್ಯೂಟರ್ ಏಳುವಾಗ ಆ ಡ್ರೈವರುಗಳನ್ನು ಎಬ್ಬಿಸಿಕೊಂಡು ಏಳುತ್ತಿತ್ತು. ಆದರೆ ಸಾಮಾನ್ಯ ಪ್ರೋಗ್ರಾಮುಗಳಿಗೆ ಸಿಗುತ್ತಿದ್ದ ಜಾಗವೇ 640 ಕಿಲೋಬೈಟು. ಮೌಸಿನ ಡ್ರೈವರ್, ಸಿ.ಡಿ. ಡ್ರೈವರ್ ಎಲ್ಲ ಕೂತ ಮೇಲೆ ಆಟ ಆಡೋಕೆ ಜಾಗವೇ ಇಲ್ಲ. 1991ರ ಡಾಸ್ 5ರಲ್ಲಿ ಡ್ರೈವರುಗಳನ್ನು "ಮೇಲಿನ ಅಟ್ಟ"ಕ್ಕೆ ಹತ್ತಿಸೋ ಉಪಾಯ ಬಂತು. ಆಟಕ್ಕೊಂದು, ಕೆಲಸಕ್ಕೊಂದು ಅಂತ ಬೇರೆ ಬೇರೆ ಬೂಟ್ ಫ್ಲಾಪಿ ಇಟ್ಟುಕೊಂಡವರು ನಮ್ಮಲ್ಲಿ ಎಷ್ಟು ಜನ ಇದ್ದೀರೋ!

ಪ್ರಿಂಟರಿನದ್ದು ಇನ್ನೊಂದು ಗೋಳು. ಎಲ್ಲರಿಗೂ ಒಂದೇ ಡ್ರೈವರ್ ಅನ್ನೋ ಪದ್ಧತಿ ಡಾಸಿನಲ್ಲಿ ಇರಲಿಲ್ಲ. ಪ್ರತಿಯೊಂದು ತಂತ್ರಾಂಶವೂ ತನ್ನದೇ ಪ್ರಿಂಟರ್ ಡ್ರೈವರುಗಳನ್ನು ಹೊತ್ತು ತರಬೇಕು. ವರ್ಡ್‌ಪರ್ಫೆಕ್ಟ್ ಅಷ್ಟು ಜನಪ್ರಿಯವಾಗಿದ್ದಕ್ಕೆ ಒಂದು ಕಾರಣ, ಅದರ ಜೊತೆ ಬರುತ್ತಿದ್ದ ನೂರಾರು ಪ್ರಿಂಟರ್ ಡ್ರೈವರುಗಳು. ವಿಂಡೋಸ್ ಬಂದ ಮೇಲೆ, ಮುಖ್ಯವಾಗಿ 1990ರ 3.0ರಿಂದೀಚೆಗೆ, ಒಂದು ಸಲ ಡ್ರೈವರ್ ಹಾಕಿದರೆ ಎಲ್ಲ ತಂತ್ರಾಂಶಗಳಿಗೂ ಆಯಿತು ಅನ್ನೋ ನೆಮ್ಮದಿ ಮನೆಮನೆಗೆ ಸಿಕ್ಕಿತು.

ಇನ್ನು ಕಾರ್ಡುಗಳು. ಕಂಪ್ಯೂಟರಿನೊಳಗೆ ಒಂದೊಂದು ಸಾಧನಕ್ಕೂ ಪ್ರೊಸೆಸರನ್ನು ಕರೆಯೋಕೆ ಒಂದೊಂದು ಗಂಟೆ ಬೇಕು, ಅದೇ ಐಆರ್‌ಕ್ಯೂ. ಗಂಟೆಗಳು ಕಮ್ಮಿ, ನೆಂಟರು ಜಾಸ್ತಿ. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂತು. ಶುರುವಿನಲ್ಲಿ ಅದು ಹಿಡಿದಿದ್ದು 7ನೇ ಗಂಟೆ, ಅದೇ ಗಂಟೆಯ ಮೇಲೆ ಪ್ರಿಂಟರಿಗೂ ಹಕ್ಕು! ಜಗಳ ಬಿಡಿಸೋಕೆ ಕಾರ್ಡಿನ ಮೇಲಿದ್ದ ಜಂಪರನ್ನು ಕಿತ್ತು 5ಕ್ಕೆ ಹಾಕಬೇಕಿತ್ತು. ಹರಳಿನಷ್ಟು ಚಿಕ್ಕ ಜಂಪರ್ ಕೈಜಾರಿ ಬಿದ್ದರೆ ಮನೆಯವರೆಲ್ಲ ಟಾರ್ಚ್ ಹಿಡಿದು ನೆಲ ತಡಕಬೇಕು :-)

ಕನ್ನಡವೂ ಒಂದು ಕಾರ್ಡೇ ಆಗಿತ್ತು

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ಮಾತು. ಆ ಕಾಲದಲ್ಲಿ ಡಾಸ್ ಪರದೆ ಮೇಲೆ ಭಾರತೀಯ ಲಿಪಿ ಮೂಡಬೇಕಾದರೆ ಒಂದು ದಾರಿ ಜಿಸ್ಟ್ ಕಾರ್ಡು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ ಅದು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಸ್ಲಾಟಿನಲ್ಲಿ ಕಾರ್ಡು ಕೂರಿಸಿದರೆ ಕನ್ನಡ ಬರೋದು. ಅಂದರೆ ಭಾಷೆಯೇ ಒಂದು ಯಂತ್ರಾಂಶ!

ಆಮೇಲೆ 1998ರಲ್ಲಿ ಬರಹ ಬಂತು, ನುಡಿ ಬಂತು, ಕಾರ್ಡಿನ ಹಂಗು ತಪ್ಪಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡಕ್ಕೆ ತುಂಗಾ ಫಾಂಟೂ ಇತ್ತು. ಆದರೆ ಅದು ತಾನಾಗಿ ಎದ್ದು ಕೂರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಿದರೆ "ಎಕ್ಸ್‌ಪಿ ಸಿ.ಡಿ. ಹಾಕಿ" ಅನ್ನೋದು. ಆ ಸಿ.ಡಿ.ಗೆ ಅಂಗಡಿ ಅಸೆಂಬಲ್ ಮಾಡಿಕೊಟ್ಟವನಿಗೆ ಫೋನ್ ಮಾಡಬೇಕು. ಒತ್ತಕ್ಷರಗಳು ಕಳಚಿಕೊಂಡು ಪಕ್ಕಪಕ್ಕ ನಿಂತಿದ್ದ ಆ ಕನ್ನಡ ನೆನಪಿದೆಯಾ? ಅದು ಡ್ರೈವರ್ ಅಲ್ಲ ಅನ್ನೋದು ನಿಜ, ಆದರೆ ಮನೆಯವರಿಗೆ ವಿವರಿಸುವಾಗ ನಾನು "ಕನ್ನಡದ ಡ್ರೈವರ್ ಹಾಕಬೇಕು" ಅಂತಲೇ ಹೇಳುತ್ತಿದ್ದೆ.

ಸಿಕ್ಕಿಸಿ, ಕೈಮುಗಿಯಿರಿ

1995ರ ಆಗಸ್ಟ್ 24ಕ್ಕೆ ವಿಂಡೋಸ್ 95 ಬಂತು, ಜೊತೆಗೆ "ಪ್ಲಗ್ ಅಂಡ್ ಪ್ಲೇ" ಅನ್ನೋ ಮಂತ್ರ. ಸಾಧನ ಸಿಕ್ಕಿಸಿದರೆ ಸಾಕು, ಗಂಟೆ ಹಂಚೋ ಕೆಲಸ ಕಂಪ್ಯೂಟರಿನದ್ದೇ. ಇದಕ್ಕೆ ಇಂಟೆಲ್ 1992ರಲ್ಲಿ ತಂದಿದ್ದ ಪಿಸಿಐ ಪದ್ಧತಿಯ ಬೆಂಬಲ ಇತ್ತು. ಪ್ರತಿ ಕಾರ್ಡಿನೊಳಗೂ ಎರಡು ಸಂಖ್ಯೆ ಬರೆದಿಟ್ಟಿರುತ್ತಾರೆ. ಒಂದು ಮನೆತನದ್ದು, ಅಂದರೆ ತಯಾರಕರದ್ದು. ಇನ್ನೊಂದು ಆ ಸಾಧನದ್ದು. ನಮ್ಮಲ್ಲಿ ಗೋತ್ರ, ಹೆಸರು ಕೇಳಿದ ಹಾಗೆ! ಇಂಟೆಲ್ ತನಗಾಗಿ ಇಟ್ಟುಕೊಂಡ ಗೋತ್ರದ ಸಂಖ್ಯೆ 8086, ತನ್ನ ಹೆಸರಾಂತ ಪ್ರೊಸೆಸರಿನದ್ದೇ ಅಂಕಿ.

ಮಂತ್ರ ಎಲ್ಲ ಸಲವೂ ಫಲಿಸಲಿಲ್ಲ. ಜನ ಅದನ್ನ "ಪ್ಲಗ್ ಅಂಡ್ ಪ್ರೇ" ಅಂತ ಆಡಿಕೊಂಡರು. 1998ರ ಏಪ್ರಿಲ್‌ನಲ್ಲಿ ಶಿಕಾಗೋದ ಒಂದು ಪ್ರದರ್ಶನದಲ್ಲಿ ಬಿಲ್ ಗೇಟ್ಸ್ ವೇದಿಕೆ ಮೇಲಿದ್ದರು. ಸಹೋದ್ಯೋಗಿ ವಿಂಡೋಸ್ 98ರ ಯಂತ್ರಕ್ಕೆ ಒಂದು ಸಾಧನ ಸಿಕ್ಕಿಸಿದರು, ಸಭೆಯೆದುರೇ ನೀಲಿ ಪರದೆ! ಇದಕ್ಕೇ ಇನ್ನೂ ಇದನ್ನು ಮಾರಾಟಕ್ಕೆ ಬಿಟ್ಟಿಲ್ಲ ಅಂತ ಗೇಟ್ಸ್ ನಗೆಚಾಟಿಕೆ ಹಾರಿಸಿ ಪಾರಾದರು. ಅವತ್ತು ಸಿಕ್ಕಿಸಿದ್ದು ಏನು ಗೊತ್ತಾ? ಸ್ಕ್ಯಾನರ್ :-)

ನಿಜವಾದ ನೆಮ್ಮದಿ ತಂದಿದ್ದು 1996ರ ಜನವರಿಯಲ್ಲಿ ಮೊದಲ ರೂಪ ಪಡೆದ ಯುಎಸ್‌ಬಿ. ಅದನ್ನು ರೂಪಿಸಿದ ತಂಡದಲ್ಲಿ ಮುಂದಿದ್ದವರು ವಡೋದರಾ ಮೂಲದ ಅಜಯ್ ಭಟ್. ಯುಎಸ್‌ಬಿಯ ಜಾಣತನ ಇರೋದು "ವರ್ಗ"ಗಳಲ್ಲಿ. ಕೀಲಿಮಣೆ, ಮೌಸ್ ಎಲ್ಲ ಒಂದು ವರ್ಗ, ಪೆನ್ ಡ್ರೈವ್ ಇನ್ನೊಂದು ವರ್ಗ. ವರ್ಗದ ನಿಯಮ ಪಾಲಿಸಿದರೆ ಯಾವ ಕಂಪನಿಯದ್ದಾದರೂ ಒಂದೇ ಡ್ರೈವರ್ ಸಾಕು. ಇವತ್ತು ಪೆನ್ ಡ್ರೈವ್ ಸಿಕ್ಕಿಸುವಾಗ ಯಾರೂ ಡ್ರೈವರ್ ಸಿ.ಡಿ. ಹುಡುಕೋದಿಲ್ಲವಲ್ಲ, ಅದು ಇದರಿಂದಲೇ. ಸ್ಕ್ಯಾನರುಗಳಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. 1992ರಲ್ಲಿ ಟ್ವೇನ್ ಅನ್ನೋ ಒಪ್ಪಂದ ಬಂದಿತ್ತು (ಆಸಕ್ತಿ ಹುಟ್ಟಿಸೋ ಹೆಸರಿಲ್ಲದ ತಂತ್ರಜ್ಞಾನ ಅಂತ ಅದರ ಹೆಸರನ್ನು ತಮಾಷೆಗೆ ಬಿಡಿಸುತ್ತಾರೆ). ಆದರೆ ಅದು ತಂತ್ರಾಂಶ ಮತ್ತು ಡ್ರೈವರಿನ ನಡುವಿನ ಒಪ್ಪಂದ. ಡ್ರೈವರ್ ಮತ್ತು ಯಂತ್ರದ ನಡುವಿನ ಮಾತು ಕಂಪನಿಯ ಗುಟ್ಟಾಗಿಯೇ ಉಳಿಯಿತು.

ಕೋಳಿ ಮೊದಲೋ, ಮೊಟ್ಟೆ ಮೊದಲೋ

ಅಸೆಂಬಲ್ಡ್ ಕಂಪ್ಯೂಟರ್ ಕಾಲದಲ್ಲಿ ಮದರ್‌ಬೋರ್ಡಿನ ಸಿ.ಡಿ. ಅನ್ನೋದು ಮನೆಯ ಪತ್ರದಷ್ಟೇ ಜೋಪಾನದ ವಸ್ತು. ಅದು ಕಳೆದುಹೋದ ಮೇಲೆ ವಿಂಡೋಸ್ ಮತ್ತೆ ಹಾಕಿದರೆ ಶುರುವಾಗೋದು ವನವಾಸ. ಪರದೆಯಲ್ಲಿ ಹದಿನಾರೇ ಬಣ್ಣ, ಸ್ಪೀಕರ್ ಮೂಕ, ಮೋಡೆಮ್ ಸತ್ತ ಹಾಗೆ. ಮೋಡೆಮ್ ಡ್ರೈವರ್ ಅಂತರ್ಜಾಲದಲ್ಲಿದೆ. ಅಂತರ್ಜಾಲಕ್ಕೆ ಹೋಗೋಕೆ ಮೋಡೆಮ್ ಡ್ರೈವರ್ ಬೇಕು! ನಾನಂತೂ ಫ್ಲಾಪಿ ಹಿಡಿದು ಸೈಬರ್ ಕೆಫೆಗೆ ಹೋಗಿ, ತಾಸಿಗೆ ಇಷ್ಟು ಅಂತ ಕೊಟ್ಟು, ಡ್ರೈವರ್ ಇಳಿಸಿಕೊಂಡು ಬಂದು, ಮನೆಯಲ್ಲಿ ನೋಡಿದರೆ ಬೇರೆ ಮಾದರಿಯದ್ದು. ಮತ್ತೆ ಸೈಕಲ್ ಹತ್ತಿದ್ದು.

ಆ ಕಾಲದ ಅಗ್ಗದ ಮೋಡೆಮುಗಳ ಒಂದು ಗುಟ್ಟು ಆಮೇಲೆ ತಿಳಿಯಿತು. ದುಬಾರಿ ಚಿಪ್ಪು ಉಳಿಸೋಕೆ, ಮೋಡೆಮ್ ಮಾಡಬೇಕಾದ ಲೆಕ್ಕಾಚಾರವನ್ನೆಲ್ಲ ಕಂಪ್ಯೂಟರಿನ ಪ್ರೊಸೆಸರಿನ ತಲೆಗೆ ಕಟ್ಟಿಬಿಟ್ಟಿದ್ದರು. ಅವಕ್ಕೆ "ವಿನ್‌ಮೋಡೆಮ್" ಅನ್ನೋ ಹೆಸರು. ಯಂತ್ರದ ಮುಕ್ಕಾಲು ಪಾಲು ಡ್ರೈವರಿನಲ್ಲೇ ಇತ್ತು. ಅದಿಲ್ಲದೆ ಹೋದರೆ ನಮ್ಮ ಕೈಯಲ್ಲಿ ಉಳಿಯೋದು ಬರೀ ತಗಡು. ಲಿನಕ್ಸ್ ಹಾಕಿದವರಿಗೆ ಇದರಿಂದ ಆದ ಕಷ್ಟ ಅಷ್ಟಿಷ್ಟಲ್ಲ.

ನೀಲಿ ಪರದೆಯ ಹಿಂದೆ

ಡ್ರೈವರ್ ಕೆಟ್ಟರೆ ಇಡೀ ಕಂಪ್ಯೂಟರ್ ಯಾಕೆ ಬೀಳಬೇಕು? ಸಾಮಾನ್ಯ ತಂತ್ರಾಂಶ ಜಗಲಿಯಲ್ಲಿ ಕೂರೋ ನೆಂಟ. ಬಹುಪಾಲು ಡ್ರೈವರುಗಳು ಕರ್ನೆಲ್ ಅನ್ನೋ ಅಡುಗೆಮನೆಯ ಒಳಗೇ ಓಡಾಡೋ ನೆಂಟರು. ಅಲ್ಲಿ ಎಡವಿದರೆ ಒಲೆ ಮೇಲಿನ ಸಾರು ಎಲ್ಲರ ಮೈಮೇಲೆ. ಸ್ಟ್ಯಾನ್‌ಫರ್ಡಿನ ಸಂಶೋಧಕರು 2001ರಲ್ಲಿ ಲಿನಕ್ಸ್ ಕರ್ನೆಲ್ಲನ್ನು ಜಾಲಾಡಿ, ಉಳಿದ ಭಾಗಕ್ಕಿಂತ ಡ್ರೈವರುಗಳಲ್ಲಿ ತಪ್ಪಿನ ಪ್ರಮಾಣ 3ರಿಂದ 7 ಪಟ್ಟು ಹೆಚ್ಚಿರಬಹುದು ಅಂತ ತೋರಿಸಿದರು. ವಿಂಡೋಸ್ ಎಕ್ಸ್‌ಪಿಯಲ್ಲಿ ವರದಿಯಾದ ಕುಸಿತಗಳಲ್ಲಿ ಶೇಕಡಾ 85ಕ್ಕೆ ಡ್ರೈವರುಗಳೇ ಕಾರಣ ಅಂತ 2003ರ ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂದು ಪ್ರಬಂಧ ಹೇಳಿತು. ಬೈಸಿಕೊಂಡಿದ್ದು ಮಾತ್ರ ವಿಂಡೋಸ್.

ಇದಕ್ಕೆ ಮದ್ದು ಹುಡುಕಿದವರಲ್ಲಿ ಇಬ್ಬರು ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ. ಡ್ರೈವರನ್ನು ಓಡಿಸದೆಯೇ, ಅದರ ಸಂಕೇತವನ್ನು ಗಣಿತದಿಂದ ಪರೀಕ್ಷಿಸಿ, ನಿಯಮ ಮುರಿಯುತ್ತದೆಯೇ ಅಂತ ಪತ್ತೆ ಹಚ್ಚೋ ಅವರ ಸ್ಲ್ಯಾಮ್ ಯೋಜನೆಯಿಂದ ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್ ಅನ್ನೋ ಸಾಧನ ಹುಟ್ಟಿತು. ಶ್ರೀರಾಮ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾಕ್ಕೆ ಬಂದರು, ಅದರ ಮುಖ್ಯಸ್ಥರೂ ಆದರು. ನೀಲಿ ಪರದೆ ಅಪರೂಪವಾಗಿರೋದರಲ್ಲಿ ಇಂಥವರ ಪಾಲೂ ಇದೆ.

ಇನ್ನೊಂದು ಮದ್ದು, ಸಹಿ. ಎಕ್ಸ್‌ಪಿಯಲ್ಲಿ "ಈ ಡ್ರೈವರ್ ಪರೀಕ್ಷೆ ಪಾಸಾಗಿಲ್ಲ" ಅಂತ ಬಂದರೆ ನಾವೆಲ್ಲ ಕಣ್ಣು ಮುಚ್ಚಿಕೊಂಡು "ಆದರೂ ಮುಂದುವರಿಸು" ಒತ್ತುತ್ತಿದ್ದೆವು. ವಿಸ್ತಾದ 64 ಬಿಟ್ ಆವೃತ್ತಿಯಲ್ಲಿ ಕರ್ನೆಲ್ ಡ್ರೈವರಿಗೆ ಸಹಿ ಕಡ್ಡಾಯವಾಯಿತು. ಸಹಿಯೂ ಪೂರ್ತಿ ರಕ್ಷೆಯಲ್ಲ. 2010ರಲ್ಲಿ ಸಿಕ್ಕಿಬಿದ್ದ ಸ್ಟಕ್ಸ್‌ನೆಟ್ ಹುಳು ಕದ್ದ ಸಹಿ ಹಾಕಿಕೊಂಡ ಡ್ರೈವರುಗಳ ವೇಷದಲ್ಲೇ ಒಳಗೆ ಬಂದಿತ್ತು.

ಅನಾಥವಾದ ಯಂತ್ರಗಳು

2007ರ ಜನವರಿ 30ಕ್ಕೆ ವಿಸ್ತಾ ಮನೆಬಳಕೆಗೆ ಬಂತು. ಡ್ರೈವರುಗಳ ನಿಯಮ ಎಷ್ಟೋ ಕಡೆ ಬದಲಾಯಿತು. ಹಳೇ ಡ್ರೈವರುಗಳನ್ನು ತಿದ್ದಿ ಬರೆಯೋಕೆ ಕಂಪನಿಗಳಿಗೆ ಖರ್ಚು. ಹೊಸ ಸ್ಕ್ಯಾನರ್ ಮಾರಿದರೆ ಲಾಭ. ಯಾವುದನ್ನು ಆರಿಸಿಕೊಂಡಿರಬಹುದು ಹೇಳಿ? ನನ್ನ ಸ್ಕ್ಯಾನರ್ ಅನಾಥವಾಗಿದ್ದು ಆಗಲೇ. ಆಮೇಲೆ 32 ಬಿಟ್ಟಿನಿಂದ 64 ಬಿಟ್ಟಿಗೆ ದಾಟುವಾಗ ಇನ್ನಷ್ಟು ಯಂತ್ರಗಳು ನದಿಯ ಆಚೆ ದಡದಲ್ಲೇ ಉಳಿದವು. 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸಿನಲ್ಲಿ ಓಡುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11 ಅಂತೂ 64 ಬಿಟ್ಟಿನಲ್ಲೇ ಬಂದಿದ್ದು.

ಹಾಗಂತ ತಾನಾಗಿ ಬರೋ ಅಪ್‌ಡೇಟಿಗೆ ಕಣ್ಣು ಮುಚ್ಚಿ ತಲೆ ಕೊಡೋದೂ ಕಷ್ಟ. 2014ರ ಅಕ್ಟೋಬರಿನಲ್ಲಿ ಎಫ್‌ಟಿಡಿಐ ಅನ್ನೋ ಚಿಪ್ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂತು. ನಕಲಿ ಚಿಪ್ ಕಂಡರೆ ಅದರೊಳಗಿನ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಡುತ್ತಿತ್ತು! ನಕಲಿ ಅಂತ ಗೊತ್ತಿಲ್ಲದೆ ಕೊಂಡವರ ಸಾಧನಗಳು ಮೂಲೆ ಸೇರಿದವು. ಗಲಾಟೆಯಾದ ಮೇಲೆ ಹಿಂದೆ ತಗೊಂಡರು. 2024ರ ಜುಲೈ 19 ಅಂತೂ ಎಲ್ಲರಿಗೂ ನೆನಪಿರುತ್ತೆ. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶದ ಕರ್ನೆಲ್ ಡ್ರೈವರ್ ಒಂದು ಕೆಟ್ಟ ಕಡತ ಓದಿ ಬಿತ್ತು, ಜೊತೆಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅಡುಗೆಮನೆಯ ನೆಂಟ ಎಡವಿದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಎರಡನೇ ಪುಸ್ತಕ

ಮತ್ತೆ ನಮ್ಮ ಅಟ್ಟಕ್ಕೆ ಬರೋಣ. ಮಾರನೇ ದಿನ ಬೆಳಿಗ್ಗೆ ಅಕ್ಕನ ಮಗ ಒಂದು ಪೆನ್ ಡ್ರೈವ್ ಹಿಡಿದು ಬಂದ. ಕಾಲೇಜಿನಲ್ಲಿ ಬಳಸೋ ಲಿನಕ್ಸ್ ಅದರಲ್ಲಿತ್ತು. "ಇನ್‌ಸ್ಟಾಲ್ ಏನೂ ಬೇಡ ಮಾವ, ಪೆನ್ ಡ್ರೈವಿಂದಲೇ ಬೂಟ್ ಮಾಡಿ ನೋಡೋಣ" ಅಂದ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬಗ್ಗೆ ಮೊದಲ ಸಲ ತಿಳಿಸಿದಾಗ, ತನ್ನ ಬಳಿ ಇರೋ ಬಗೆಯ ಹಾರ್ಡ್ ಡಿಸ್ಕ್ ಬಿಟ್ಟು ಬೇರೇನೂ ಇದರಲ್ಲಿ ನಡೆಯಲಾರದು ಅಂದಿದ್ದರು. ಇವತ್ತು ಲಿನಕ್ಸ್ ಕರ್ನೆಲ್ಲಿನ ಮೂಲ ಸಂಕೇತದಲ್ಲಿ ಅತಿ ದೊಡ್ಡ ಪಾಲು ಡ್ರೈವರುಗಳದ್ದೇ. ಎಲ್ಲವೂ ಸುಲಭಕ್ಕೆ ಸಿಕ್ಕಿದ್ದಲ್ಲ. 2012ರಲ್ಲಿ ಇದೇ ಟೋರ್ವಾಲ್ಡ್ಸ್ ಎನ್‌ವಿಡಿಯಾ ಕಂಪನಿಗೆ ಸಭೆಯಲ್ಲೇ ಬೆರಳು ತೋರಿಸಿ ಬೈದಿದ್ದರು. ಆ ಕಂಪನಿ ತನ್ನ ಕರ್ನೆಲ್ ಡ್ರೈವರಿನ ಸಂಕೇತ ತೆರೆದಿಟ್ಟಿದ್ದು 2022ರ ಮೇನಲ್ಲಿ.

ಸ್ಕ್ಯಾನರುಗಳಿಗೆ ಲಿನಕ್ಸಿನಲ್ಲಿ 1990ರ ದಶಕದಲ್ಲೇ ಶುರುವಾದ ಸೇನ್ ಅನ್ನೋ ಯೋಜನೆ ಇದೆ. ಕಂಪನಿ ಗುಟ್ಟು ಬಿಟ್ಟುಕೊಡದ ಕಡೆ, ಯಂತ್ರ ಮತ್ತು ವಿಂಡೋಸ್ ಡ್ರೈವರಿನ ನಡುವಿನ ಮಾತುಕತೆಯನ್ನು ಕದ್ದು ಕೇಳಿಸಿಕೊಂಡು, ಊಹಿಸಿ, ಸ್ವಯಂಸೇವಕರು ಬರೆದ ಡ್ರೈವರುಗಳು ಅದರಲ್ಲಿ ಎಷ್ಟೋ ಇವೆ.

ಸ್ಕ್ಯಾನರ್ ಸಿಕ್ಕಿಸಿದೆವು. ಪಟ್ಟಿಯಲ್ಲಿ ಅದರ ಹೆಸರು ಮೂಡಿತು! ಹದಿನೇಳು ವರ್ಷ ಸುಮ್ಮನಿದ್ದ ಮೋಟಾರು ಒಂದು ಸಲ ಕೆಮ್ಮಿ, ದೀಪವನ್ನು ತಳ್ಳಿಕೊಂಡು ಹೊರಟಿತು. ಅಮ್ಮನ ಎರಡನೇ ಪುಸ್ತಕದ ಮೊದಲ ಪುಟ ಪರದೆಯಲ್ಲಿ ಮೇಲಿಂದ ಕೆಳಗೆ ಇಳಿಯುತ್ತಾ ಬಂತು. ಪೆನ್ಸಿಲ್ಲಿನ ಗೀಟು ಒಂದೂ ತಪ್ಪಿಲ್ಲ. ಅಂಚಿನಲ್ಲಿ "ಈ ಹಾಡು ಅತ್ತೆಯಿಂದ ಕಲಿತದ್ದು" ಅಂತ ಬರೆದಿದ್ದು ಬರಿಗಣ್ಣಿಗೆ ಕಂಡೇ ಇರಲಿಲ್ಲ. ಅಮ್ಮ ಹೋಗಿ ನಾಲ್ಕು ವರ್ಷ ಆಯಿತು. ಯಾವ ಅತ್ತೆ ಅಂತ ಈಗ ಕೇಳೋ ಹಾಗಿಲ್ಲ.

ಎಲ್ಲೋ ಇರೋ ಯಾರೋ ಪುಣ್ಯಾತ್ಮ, ನಮ್ಮೂರ ಹೆಸರೂ ಕೇಳದವನು, ತನ್ನ ರಜೆಯ ದಿನಗಳಲ್ಲಿ ಕೂತು ಈ ಮಾದರಿಗೆ ಡ್ರೈವರ್ ಬರೆದಿಟ್ಟಿದ್ದ. ಯಂತ್ರ ಮಾರಿ ದುಡ್ಡು ಎಣಿಸಿಕೊಂಡವರಿಗೆ ಅಷ್ಟು ಮಾಡೋ ಮನಸ್ಸಿರಲಿಲ್ಲ. ಪ್ರಿಂಟರಿಗಾಗಿ ಹುಟ್ಟಿದ ಆ ಹಳೇ ಜಗಳ ನಲವತ್ತು ವರ್ಷ ದಾಟಿ ನಮ್ಮ ಮನೆ ಜಗಲಿಗೆ ಬಂದು ಹೀಗೆ ಮುಗಿಯಿತು. ಎರಡು ದಿನ ಕೂತು ಎರಡೂ ಪುಸ್ತಕ ಮುಗಿಸಿದೆವು. ಸ್ಕ್ಯಾನರ್ ಗುಜರಿಗೆ ಹೋಗಲಿಲ್ಲ.

ಕೊಸರು: ಯಾವುದೋ ಸಾಧನದ ಡ್ರೈವರ್ ಸಿಗುತ್ತಿಲ್ಲ ಅಂದರೆ, ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಅದರ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಅಡಿಯಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ಆಗಲೇ ಹೇಳಿದ ಗೋತ್ರ, ಹೆಸರು ಎರಡೂ ಅಲ್ಲಿರುತ್ತೆ. ಆ ಸಂಖ್ಯೆ ಹಿಡಿದು ತಯಾರಕರ ಪುಟದಲ್ಲೇ ಹುಡುಕಿ. "ನಿಮ್ಮ ಎಲ್ಲ ಡ್ರೈವರ್ ಒಂದೇ ಗುಂಡಿಯಲ್ಲಿ ಸರಿ ಮಾಡ್ತೀವಿ" ಅನ್ನೋ ಜಾಹೀರಾತುಗಳ ಕಡೆ ತಲೆ ಹಾಕಬೇಡಿ. ಅಡುಗೆಮನೆಗೆ ಅಪರಿಚಿತರನ್ನು ಬಿಟ್ಟುಕೊಂಡ ಹಾಗೆ ಅದು. ಸಿಕ್ಕ ಡ್ರೈವರನ್ನು ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ, ಕಂಪನಿಯ ಪುಟ ನಾಳೆ ಇರುತ್ತೆ ಅನ್ನೋ ಭರವಸೆ ಇಲ್ಲ. ನಿಮ್ಮ ಅಟ್ಟದಲ್ಲೂ ಇಂಥದ್ದೊಂದು "ಸತ್ತ" ಯಂತ್ರ ಇದ್ದರೆ, ಗುಜರಿಯವನನ್ನು ಕರೆಯೋ ಮುಂಚೆ ಒಂದು ಸಲ ಲಿನಕ್ಸಿಗೆ ಸಿಕ್ಕಿಸಿ ನೋಡಿ. ಉಸಿರು ಇದ್ದರೂ ಇರಬಹುದು.